ಮಗಳಿಗೊಂದು ಪತ್ರ: ಮೂರನೇ ಐವತ್ತರ ಲೆಕ್ಕ

ಪುಟ್ಟಿ,

ಮೊನ್ನೆ ಫೋನಿನಲ್ಲಿ "ಈ ಸೀಸನ್ ಪೂರ್ತಿ ದಂಡ ಅಮ್ಮ" ಅಂದೆ. ಆಗ ನಾನು ಏನೂ ಹೇಳಲಿಲ್ಲ. ನೀನು ಸುಸ್ತಾಗಿದ್ದೆ, ಸುಸ್ತಾದವರ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ. ಈಗ ಹೇಳುತ್ತೇನೆ. ನಾನು ಒಪ್ಪಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಈ ವರ್ಷದ ನಿನ್ನ ಈಜಿನ ರಿಸಲ್ಟ್ ಶೀಟುಗಳನ್ನೆಲ್ಲ ಮುಂದೆ ಹರಡಿಕೊಂಡು ಬರೆಯುತ್ತಿದ್ದೇನೆ.

ನಿನ್ನ ದೂರು ಏನು ಅಂತ ಗೊತ್ತು. 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಬೆಳಿಗ್ಗೆ ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಆರಿಸುವ ಸುತ್ತಿನಲ್ಲಿ, 2:45.90. ಸಂಜೆ ಫೈನಲ್‌ನಲ್ಲಿ 2:46.12, ಐದನೇ ಸ್ಥಾನ. ಮೂರನೆಯವಳ ಟೈಮಿಂಗ್ 2:45.97. ಬೆಳಿಗ್ಗೆ ಈಜಿದ ಹಾಗೇ ಸಂಜೆಯೂ ಈಜಿದ್ದರೆ ಕಂಚು ನಿನ್ನದಾಗುತ್ತಿತ್ತು. ಇದು ನೋಯುವ ವಿಷಯವೇ. 0.15 ಸೆಕೆಂಡು ಅಂದರೆ ನಿನ್ನ ವೇಗಕ್ಕೆ ಹದಿನೆಂಟು ಸೆಂಟಿಮೀಟರ್, ಒಂದು ಗೇಣೂ ಇಲ್ಲ.

ಹಾಗಂತ ಅದನ್ನು ದುರಾದೃಷ್ಟ ಅನ್ನಬೇಡ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ನಾಲ್ಕೂ ಬಗೆಯ ಈಜು ಸೇರಿದ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಚಿನ್ನ ಗೆದ್ದದ್ದು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದ ಅಂತರದಿಂದ. ಬೆಳ್ಳಿಗೆ ಇಳಿದವರು ಅಮೆರಿಕದ ಟಿಮ್ ಮೆಕೀ. ಆಮೇಲೆ ಆ ಸಾವಿರದ ಲೆಕ್ಕವನ್ನೇ ಕೈಬಿಟ್ಟರು. ಪೂಲ್ ಕಟ್ಟುವಾಗ ಲೇನಿನಿಂದ ಲೇನಿಗೆ ಬರುವ ಉದ್ದದ ವ್ಯತ್ಯಾಸವೇ ಅದಕ್ಕಿಂತ ಜಾಸ್ತಿ ಇರಬಹುದು. ಈಗ ನೂರನೇ ಭಾಗದವರೆಗೆ ಮಾತ್ರ ನೋಡುತ್ತಾರೆ, ಅಲ್ಲಿಗೂ ಸರಿಸಮ ಬಂದರೆ ಇಬ್ಬರಿಗೂ ಒಂದೇ ಸ್ಥಾನ. ನಿನ್ನದು ಹದಿನೈದು ನೂರನೇ ಭಾಗ. ಆ ಹುಡುಗಿ ನಿನಗಿಂತ ಮೊದಲು ಗೋಡೆ ಮುಟ್ಟಿದಳು. ಅಷ್ಟೇ.

ಆದರೆ ನೀನು ನೋಡಿದ್ದು ಶೀಟಿನಲ್ಲಿ ಎರಡೇ ಅಂಕಿ, ಸ್ಥಾನ ಮತ್ತು ಕೊನೆಯ ಟೈಮಿಂಗ್. ನನ್ನ ಕಣ್ಣು ಹೋಗುವುದು ನಡುವಿನ ಸ್ಪ್ಲಿಟ್‌ಗಳಿಗೆ, ಒಂದೊಂದು ಐವತ್ತು ಮೀಟರ್‌ಗೆ ಹಿಡಿದ ಸಮಯಕ್ಕೆ. ಸ್ಟ್ಯಾಂಡ್‌ನಲ್ಲಿ ಕೂತವಳಿಗೆ 200 ಮೀಟರ್ ರೇಸ್‌ನಲ್ಲಿ ಕಾಣುವುದು ಕ್ಯಾಪು, ನೊರೆ, ಆಗಾಗ ಮೇಲೆ ಬರುವ ತಲೆ. ಒಳಗೆ ಏನಾಯಿತು ಅನ್ನುವುದು ಗೊತ್ತಾಗುವುದೇ ಆಮೇಲೆ, ಶೀಟ್ ಅಂಟಿಸಿದಾಗ.

ಸೀಸನ್ ಶುರುವಾದದ್ದು 25 ಮೀಟರ್ ಪೂಲ್‌ನಲ್ಲಿ. 2:43.40 ಬಂತು ಅಂತ ಕುಣಿದಾಡಿದ್ದೆ. ಅದಾದ ಮೇಲೆ 50 ಮೀಟರ್ ಪೂಲ್‌ನಲ್ಲಿ 2:50.10 ಬಂದಾಗ ಮುಖ ಊದಿಸಿಕೊಂಡೆ. ಎರಡೂ ಅತಿ. ಶಾರ್ಟ್ ಕೋರ್ಸ್‌ನಲ್ಲಿ 200 ಮೀಟರ್‌ಗೆ ಏಳು ಟರ್ನ್, ಲಾಂಗ್ ಕೋರ್ಸ್‌ನಲ್ಲಿ ಮೂರೇ. ಗೋಡೆ ಒದ್ದು ಸಿಗುವ ವೇಗ ಕೈಕಾಲು ಆಡಿಸಿ ಸಿಗುವ ವೇಗಕ್ಕಿಂತ ಜಾಸ್ತಿ. ವಿಶ್ವದಾಖಲೆಗಳನ್ನೂ ಎರಡಕ್ಕೂ ಬೇರೆ ಬೇರೆಯಾಗಿಯೇ ಇಡುತ್ತಾರೆ. ಹಾಗಿರುವಾಗ ನೀನು ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡು ಅತ್ತರೆ ಯಾರೇನು ಮಾಡೋಕಾಗುತ್ತೆ?

ಆ 2:50.10ರ ಸ್ಪ್ಲಿಟ್ ನೋಡು: 36.90, 42.60, 45.10, 45.50. ಮೊದಲನೆಯದು ಡೈವ್ ಇರುವುದರಿಂದ ಯಾವಾಗಲೂ ಚುರುಕು, ಅದನ್ನು ಬಿಡು. ಎರಡರಿಂದ ಮೂರಕ್ಕೆ ಹೋಗುವಾಗ ಎರಡೂವರೆ ಸೆಕೆಂಡು ಕುಸಿದಿದ್ದೀಯ. 200 ಈಜುವವರಿಗೆ ಮೂರನೇ ಐವತ್ತೇ ಕಂಟಕ. ಡೈವ್‌ನ ಹುರುಪು ಮುಗಿದಿರುತ್ತದೆ, ಕೊನೆಯ ಗೋಡೆ ಇನ್ನೂ ದೂರ. ನೀನು ಅಲ್ಲಿ ಮುಳುಗುತ್ತಿದ್ದೆ. ಹೋದ ವರ್ಷವೂ ಅಷ್ಟೇ, ಅದರ ಹಿಂದಿನ ವರ್ಷವೂ ಅಷ್ಟೇ.

ಆಮೇಲೆ ಬಂತು ನೀನು ನೆನಪಿಸಿಕೊಳ್ಳಲೂ ಇಷ್ಟಪಡದ ಮೀಟ್. 2:51.36. ಸ್ಟ್ಯಾಂಡ್‌ನಲ್ಲಿ ನನ್ನ ಪಕ್ಕ ಕೂತಿದ್ದವರು "ಯಾಕೆ, ಹುಷಾರಿಲ್ವಾ ಅವಳಿಗೆ?" ಅಂತ ಕೇಳಿದರು. ಅವರ ಪ್ರಶ್ನೆಯಲ್ಲಿ ಕಾಳಜಿಗಿಂತ ಬೇರೇನೋ ಜಾಸ್ತಿ ಇತ್ತು, ಇರಲಿ. ಕೋಚ್ ನನಗೆ ಮೊದಲೇ ಹೇಳಿದ್ದರು, ಈ ಮೀಟ್‌ಗೆ ಟೇಪರ್ ಇಲ್ಲ, ಭಾರದ ಟ್ರೇನಿಂಗ್ ಮಧ್ಯೆಯೇ ಈಜಿಸುತ್ತೇನೆ ಅಂತ. ದೊಡ್ಡ ಮೀಟ್‌ಗೆ ಎರಡು ಮೂರು ವಾರ ಮುಂಚಿನಿಂದ ದೂರ ಕಡಿಮೆ ಮಾಡಿ, ವೇಗ ಮಾತ್ರ ಉಳಿಸಿಕೊಂಡು ಮೈಗೆ ಬಿಡುವು ಕೊಡುತ್ತಾರಲ್ಲ, ಅದು ವರ್ಷವಿಡೀ ಮಾಡುವ ಕೆಲಸ ಅಲ್ಲ. ಪ್ರತಿ ಮೀಟ್‌ಗೂ ಟೇಪರ್ ಮಾಡಿದರೆ ಟ್ರೇನಿಂಗ್ ಮಾಡುವುದು ಯಾವಾಗ? ಪ್ರತಿ ಮೀಟ್‌ನಲ್ಲೂ ಪರ್ಸನಲ್ ಬೆಸ್ಟ್ ಬರಬೇಕು ಅನ್ನುವ ಪೋಷಕರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹತ್ತು ವರ್ಷದ ಮಕ್ಕಳಿಗೆ ಹಾಗೆ ಬರುತ್ತದೆ, ಏಕೆಂದರೆ ಅವರು ಬೆಳೆಯುತ್ತಲೇ ಇರುತ್ತಾರೆ. ಹದಿನಾರರಲ್ಲಿ ಹಾಗಲ್ಲ.

ಈಗ ಆ ಕೆಟ್ಟ ಮೀಟ್‌ನ ಸ್ಪ್ಲಿಟ್ ನೋಡು. 38.20, 43.50, 44.70, 44.96. ಮೈ ಭಾರವಾಗಿದ್ದಾಗಲೂ ಮೂರನೇ ಐವತ್ತು ಹಿಂದಿನದಕ್ಕಿಂತ 0.40 ಬೇಗ. ಕೊನೆಯದೂ ಬೇಗ. ಒಟ್ಟು ಟೈಮಿಂಗ್ ಹಿಂದೆ ಹೋಗಿದೆ, ಆದರೆ ಎಲ್ಲಿ ಸೋರುತ್ತಿತ್ತೋ ಅಲ್ಲಿ ಸೋರುವುದು ನಿಲ್ಲುತ್ತಿದೆ. ಈ ಸೀಸನ್‌ನಲ್ಲಿ ನನಗೆ ಮೊದಲ ಸಲ ಖುಷಿಯಾದದ್ದು ಈ ಶೀಟ್ ನೋಡಿ. ಆ ದಿನ ನಿನಗೆ ಹೇಳಿದ್ದರೆ ಟವೆಲ್ ಎಸೆಯುತ್ತಿದ್ದೆ.

ನಾನು ಬರಲಾಗದ ಮೀಟ್‌ನದು ಬೇರೆಯೇ ಕತೆ. ಮೊಬೈಲ್‌ನಲ್ಲಿ ಲೈವ್ ರಿಸಲ್ಟ್ ನೋಡುತ್ತಾ ಕೂತಿದ್ದೆ. 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್. ನಿನ್ನ ಹೆಸರಿನ ಮುಂದೆ ಐವತ್ತರ ಸ್ಪ್ಲಿಟ್ ಬಂತು, ಒಳ್ಳೆಯದೇ ಇತ್ತು. ಆಮೇಲೆ ಏನೂ ಇಲ್ಲ. ಉಳಿದ ಏಳು ಲೇನ್‌ಗೂ ಟೈಮಿಂಗ್ ಬಂತು, ನಿನ್ನದು ಖಾಲಿ. ಕಾಲು ಹಿಡಿದುಕೊಂಡಿತಾ? ಗಾಗಲ್ಸ್‌ಗೆ ನೀರು ಹೋಯಿತಾ? ರಿಫ್ರೆಶ್ ಒತ್ತಿ ಒತ್ತಿ ಬೆರಳು ನೋವು ಬಂತು. ಕೊನೆಗೆ ಪಟ್ಟಿಯ ಕೆಳಗೆ ನಿನ್ನ ಹೆಸರು ಬಂತು, ಪಕ್ಕದಲ್ಲಿ "ಡಿಎಸ್‌ಕ್ಯೂ", ಅಂದರೆ ಡಿಸ್ಕ್ವಾಲಿಫೈ. ನಿಜ ಹೇಳಬೇಕೆಂದರೆ ನನಗೆ ಹೋದ ಜೀವ ಬಂದ ಹಾಗಾಯಿತು. ಮಗು ಸರಿಯಾಗಿದೆ, ಕೈ ಮಾತ್ರ ತಪ್ಪಿದೆ.

ಟರ್ನ್‌ನಲ್ಲಿ ಎಡಗೈ ಮೊದಲು ಮುಟ್ಟಿತು ಅಂತ ರೆಫರಿ ತೀರ್ಮಾನ. ನೀನು ಇವತ್ತಿಗೂ ಒಪ್ಪಿಲ್ಲ, ಅಲ್ವಾ? ವಿಡಿಯೋ ನೋಡಿದರೆ ನನಗೂ ಗೊತ್ತಾಗುವುದಿಲ್ಲ. ಆದರೆ ಬ್ರೆಸ್ಟ್‌ಸ್ಟ್ರೋಕ್ ಇರುವುದೇ ಹಾಗೆ, ಬೇರೆ ಯಾವ ಸ್ಟ್ರೋಕ್‌ಗೂ ಇಷ್ಟು ಜಗಳ ಆಗಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಕೊಸುಕೆ ಕಿತಾಜಿಮಾ ನೀರಿನ ಒಳಗೆ ಡಾಲ್ಫಿನ್ ಕಿಕ್ ಹೊಡೆದರು, ಅಂದರೆ ಎರಡೂ ಕಾಲು ಜೋಡಿಸಿ ಮೀನಿನ ಬಾಲದ ಹಾಗೆ ಬಡಿದರು ಅಂತ ದೊಡ್ಡ ಗಲಾಟೆಯಾಯಿತು. ಪದಕ ಅವರಿಗೇ ಉಳಿಯಿತು. ಮರುವರ್ಷ ನಿಯಮವನ್ನೇ ಬದಲಿಸಿ ಒಂದು ಡಾಲ್ಫಿನ್ ಕಿಕ್‌ಗೆ ಅವಕಾಶ ಕೊಟ್ಟರು. ಗೋಡೆ ಒದ್ದ ಮೇಲೆ ನೀರಿನ ಒಳಗೇ ಎಳೆಯುವ, ನೀನು ದಿನಾ ಅಭ್ಯಾಸ ಮಾಡುವ ಪುಲ್‌ಔಟ್‌ನಲ್ಲಿ ಆ ಕಿಕ್ ಬಂದದ್ದು ಅಲ್ಲಿಂದ. ಎರಡೂ ಕೈ ಒಟ್ಟಿಗೆ ಮುಟ್ಟಬೇಕು ಅನ್ನುವ ನಿಯಮ ಮಾತ್ರ ಹಾಗೇ ಇದೆ, ಅದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಈಗ ದೊಡ್ಡ ಮೀಟ್‌ಗೆ ಬರೋಣ. ಹೀಟ್ಸ್: 37.60, 42.40, 42.90, 43.00. ಈ ನಾಲ್ಕು ಅಂಕಿಯನ್ನು ಫ್ರೇಮ್ ಹಾಕಿಸಬೇಕು ಅನಿಸಿತು. ಎರಡನೇ ಐವತ್ತಿಗೂ ನಾಲ್ಕನೆಯದಕ್ಕೂ ಬರೀ 0.60 ವ್ಯತ್ಯಾಸ. ಸೀಸನ್ ಶುರುವಿನಲ್ಲಿ 45.10 ಇದ್ದ ಮೂರನೇ ಐವತ್ತು 42.90ಕ್ಕೆ ಬಂದಿದೆ. ನಿನ್ನ ಹಳೆಯ ಬೆಸ್ಟ್ 2:48.75. ಅದಕ್ಕಿಂತ 2.85 ಸೆಕೆಂಡು ಬೇಗ. ಅಂತರರಾಷ್ಟ್ರೀಯ ಪಾಯಿಂಟ್ ಲೆಕ್ಕವನ್ನೂ ಹಾಕಿ ನೋಡಿದೆ. ವಿಶ್ವದಾಖಲೆಯ ಸಮಯವನ್ನು ನಿನ್ನ ಸಮಯದಿಂದ ಭಾಗಿಸಿ, ಅದರ ಘನ ತೆಗೆದು, 1000ದಿಂದ ಗುಣಿಸಬೇಕು. ರಷ್ಯಾದ ಎವ್ಗೇನಿಯಾ ಚಿಕುನೋವಾ 2023ರಲ್ಲಿ ಮಾಡಿದ 2:17.55 ಇಟ್ಟುಕೊಂಡರೆ, ನಿನ್ನ ಹಳೆಯ ಬೆಸ್ಟ್‌ಗೆ 541, ಹೊಸದಕ್ಕೆ 569. ಒಂದು ವರ್ಷಕ್ಕೆ 28 ಪಾಯಿಂಟ್. ದಂಡ ಅಂದೆಯಲ್ಲ!

ಫೈನಲ್: 36.80, 42.10, 43.30, 43.92. ನೂರು ಮೀಟರ್ ಹೊತ್ತಿಗೆ ಬೆಳಗಿಗಿಂತ 1.10 ಸೆಕೆಂಡು ಮುಂದಿದ್ದೆ. ಉಳಿದ ನೂರರಲ್ಲಿ 1.32 ಕಳೆದುಕೊಂಡೆ. ಮೊದಲು ಮಾಡಿದ ಸಾಲವನ್ನು ಬಡ್ಡಿ ಸಮೇತ ತೀರಿಸಿದ ಹಾಗೆ. ನೀರಿನ ಲೆಕ್ಕವೇ ಹಾಗೆ ಕ್ರೂರ. ವೇಗ ಎರಡು ಪಟ್ಟಾದರೆ ಅದಕ್ಕೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಅದಕ್ಕೇ ಶುರುವಿನಲ್ಲಿ ಅರ್ಧ ಸೆಕೆಂಡು ಉಳಿಸೋಕೆ ಹೋದರೂ ಆಮೇಲೆ ಅಷ್ಟು ದುಬಾರಿ. ನಿನ್ನ ಸ್ಟ್ರೋಕ್ ಎಣಿಸುತ್ತಾ ಕೂತಿದ್ದೆ. ಬೆಳಿಗ್ಗೆ ಕೊನೆಯ ಲ್ಯಾಪ್‌ಗೆ 22, ಸಂಜೆ 25. ಕೈ ಜಾಸ್ತಿ ಆಡುತ್ತಿತ್ತು, ಮೈ ಮುಂದೆ ಹೋಗುತ್ತಿರಲಿಲ್ಲ.

ನೀನು ಐದನೇ ಲೇನ್‌ನಲ್ಲಿದ್ದೆ. ನಾಲ್ಕನೇ ಲೇನ್‌ನವಳು ಶುರುವಿನಲ್ಲೇ ಹಾರಿಹೋಗುವವಳು, ಅದು ಎಲ್ಲರಿಗೂ ಗೊತ್ತು. ನೀನು ಅವಳ ಜೊತೆ ಹೋದೆ. ಕೋಚ್ ಇದಕ್ಕೆ ಏನನ್ನುತ್ತಾರೋ ಅದು ಅವರಿಗೆ ಬಿಟ್ಟದ್ದು. ನನಗೆ ಕೇಳಿದರೆ, ನನಗೆ ಅದು ಇಷ್ಟವಾಯಿತು. ಹೋದ ವರ್ಷದ ಫೈನಲ್‌ನಲ್ಲಿ ನೀನು ಹಿಂದೆ ಉಳಿದು ಸುರಕ್ಷಿತವಾಗಿ ಏಳನೆಯವಳಾಗಿ ಬಂದಿದ್ದೆ. ಈ ಸಲ ಗೆಲ್ಲೋಕೆ ಅಂತ ಹೋದೆ. 36.80ಕ್ಕೆ ಹೊರಟರೆ ಕೊನೆಯಲ್ಲಿ ಎಷ್ಟು ಬೆಲೆ ತೆರಬೇಕು ಅನ್ನುವುದು ಒಮ್ಮೆ ಹೊರಟು ನೋಡದೆ ಗೊತ್ತಾಗುವುದಿಲ್ಲ. ಮತ್ತೆ ಇದನ್ನೂ ಗಮನಿಸು: ಅಷ್ಟು ಕೆಟ್ಟದಾಗಿ ಮುಗಿಸಿದ ಆ ರೇಸ್‌ನಲ್ಲೂ ಮೂರನೇ ಐವತ್ತು 43.30. ಸೀಸನ್ ಶುರುವಿನಲ್ಲಿ ಅದು ನಿನ್ನ ಕನಸಿನ ಟೈಮಿಂಗ್.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಫೈನಲ್ ನಾವಿಬ್ಬರೂ ಒಟ್ಟಿಗೆ ನೋಡಿದ್ದೆವು. ಇಟಲಿಯ ಬೆನೆಡೆಟ್ಟಾ ಪಿಲಾಟೊಗೆ ಕಂಚು ತಪ್ಪಿದ್ದು 0.01 ಸೆಕೆಂಡಿನಿಂದ. ರಿಯೋ ಒಲಿಂಪಿಕ್ಸ್‌ನಲ್ಲಿ ಇದೇ ರೇಸ್ ಗೆದ್ದಿದ್ದ ಅಮೆರಿಕದ ಲಿಲ್ಲಿ ಕಿಂಗ್‌ದೂ ಅದೇ ಟೈಮಿಂಗ್, ಇಬ್ಬರೂ ನಾಲ್ಕನೆಯವರು. ಆಮೇಲೆ ಪಿಲಾಟೊ ಕ್ಯಾಮೆರಾ ಮುಂದೆ ಅಳುತ್ತಾ, ಇದು ಖುಷಿಯ ಕಣ್ಣೀರು ಅಂದಾಗ ನೀನು "ನಾಟಕ" ಅಂದೆ. ಆ ಹುಡುಗಿ ಹೇಳಿದ್ದನ್ನು ಆಗ ಅವರ ದೇಶದಲ್ಲೂ ಕೆಲವರು ನಂಬಲಿಲ್ಲವಂತೆ. ನಾನು ಆವತ್ತೇ ನಂಬಿದ್ದೆ. ನೀನೂ ಹಾಗೆ ಖುಷಿಪಡಬೇಕು ಅಂತ ಇದನ್ನು ಬರೆಯುತ್ತಿಲ್ಲ. ಬೇಜಾರಾದರೆ ಬೇಜಾರು ಮಾಡಿಕೋ. ಬೇಜಾರು ಬೇರೆ, ದಂಡ ಅನ್ನುವುದು ಬೇರೆ.

ರಿಲೇ ಬಗ್ಗೆ ನೀನು ಮಾತೇ ಆಡಲಿಲ್ಲ. ಮೆಡ್ಲೆ ರಿಲೇಯಲ್ಲಿ ಎರಡನೆಯವಳಾಗಿ ನಿನ್ನ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ 1:15.92. ನಿನ್ನ ಬೆಸ್ಟ್ 1:17.40. ರಿಲೇಯಲ್ಲಿ ನಿನಗಿಂತ ಮೊದಲು ಈಜಿದವಳು ಗೋಡೆ ಮುಟ್ಟುವುದನ್ನು ನೋಡುತ್ತಲೇ ಹಾರುವುದರಿಂದ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸುಮ್ನೆ ಸಿಗುತ್ತದೆ. ಮೊದಲು ಹೊರಡುವವರದ್ದು ಬಿಟ್ಟರೆ ಉಳಿದವರ ಸ್ಪ್ಲಿಟ್ ಅಧಿಕೃತ ಟೈಮಿಂಗ್ ಆಗುವುದೂ ಇಲ್ಲ. ಅದನ್ನೆಲ್ಲ ಕಳೆದರೂ ಸುಮಾರು 0.80 ಸೆಕೆಂಡು ನಿನ್ನದೇ ದುಡಿಮೆ. ಟರ್ನ್‌ನಲ್ಲಿ ಕೈ ಎರಡೂ ಒಟ್ಟಿಗೇ ಮುಟ್ಟಿದ್ದವು, ನಾನು ಅದನ್ನೇ ನೋಡುತ್ತಿದ್ದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಆ ಡಿಸ್ಕ್ವಾಲಿಫೈ ಆದ ಮೇಲೆ ನೀನು 100ಕ್ಕೆ ಹೆಸರೇ ಕೊಟ್ಟಿಲ್ಲ. ದೊಡ್ಡ ಮೀಟ್‌ನಲ್ಲೂ 200 ಮತ್ತು ರಿಲೇ ಮಾತ್ರ. "200 ಮೇಲೆ ಗಮನ" ಅಂದೆ. ನಾನು ಪೂರ್ತಿ ನಂಬಲಿಲ್ಲ. ಮುಂದಿನ ಶಾರ್ಟ್ ಕೋರ್ಸ್ ಮೀಟ್‌ಗೆ ಎಂಟ್ರಿ ಕಳಿಸುವ ಸಮಯ ಹತ್ತಿರ ಬಂತು. ಅಲ್ಲಿ 100 ಅಂದರೆ ಮೂರು ಟರ್ನ್, ಮೂರು ಸಲವೂ ರೆಫರಿಗಳ ಕಣ್ಣೆದುರೇ ಗೋಡೆ ಮುಟ್ಟಬೇಕು. ನನಗೆ ಹಾಕಬೇಕು ಅನಿಸುತ್ತದೆ. ಕೋಚ್ ಹತ್ತಿರ ಮಾತಾಡಿ, ಹಾಕೋದಾ ಬೇಡ್ವಾ ಅಂತ ಈ ವಾರದಲ್ಲೇ ತಿಳಿಸು. ಫಾರಂ ನಾನು ತುಂಬುತ್ತೇನೆ.

ನಿನ್ನ ಅಮ್ಮ