ಮಗಳಿಗೊಂದು ಪತ್ರ: ಇದು ಸೋಮಾರಿತನ ಅಲ್ಲ, ಪುಟ್ಟಿ

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿ,

ಒಂದೇ ಮನೆಯಲ್ಲಿದ್ದುಕೊಂಡು ಅಪ್ಪ ಕಾಗದ ಯಾಕೆ ಬರೆದರು ಅನ್ನಿಸಬಹುದು. ಎದುರಿಗೆ ಕೂತು ಮಾತಾಡಿದರೆ ನೀನು ಕೂಡಲೇ ಉತ್ತರ ಕೊಡಬೇಕಾಗುತ್ತೆ. ಈಗ ನಿನಗೆ ಅದೇ ಕಷ್ಟ. ಇದನ್ನು ನಿಧಾನಕ್ಕೆ ಓದು. ಅರ್ಧ ಓದಿಟ್ಟು ಉಳಿದದ್ದನ್ನು ನಾಳೆ ಓದಿದರೂ ಆಯ್ತು.

"ನಾನು ತುಂಬಾ ಸೋಮಾರಿ ಆಗಿಬಿಟ್ಟಿದ್ದೀನಿ ಅಪ್ಪ" ಅಂದೆಯಲ್ಲ, ಆ ಮಾತು ನಾನು ಒಪ್ಪೋದಿಲ್ಲ. ಸೋಮಾರಿಗೆ ಕೆಲಸ ತಪ್ಪಿದರೆ ಖುಷಿ. ನಿನ್ನ ಮುಖದಲ್ಲಿ ಎಲ್ಲಿದೆ ಖುಷಿ? ಸ್ನಾನಕ್ಕೆ ಹೋಗಬೇಕು ಅಂತ ಟವೆಲ್ ಹಿಡಿದು ಮಂಚದ ಅಂಚಿನಲ್ಲಿ ಕೂತಿರುತ್ತೀಯ. ಒಳಗೆ ಬಕೆಟ್ ತುಂಬಿ ನೀರು ಚೆಲ್ಲುತ್ತಿರುತ್ತೆ. ಏಳಬೇಕು ಅಂತ ಮನಸ್ಸಿದೆ, ಮೈ ಏಳುತ್ತಿಲ್ಲ.

ಗಾಂಧಿ ಬಜಾರಿನಲ್ಲಿ ನಿನ್ನ ಜೊತೆ ನಡೆಯೋದು ನನಗೆ ಯಾವತ್ತೂ ಓಟವೇ ಆಗಿತ್ತು. ಈಗ ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ ನಿನಗಾಗಿ ನಿಲ್ಲುತ್ತೇನೆ. ತಲೆ ತಗ್ಗಿಸಿ ನಡೆಯುತ್ತೀಯ. ನಡೆಯುವಾಗ ಕೈಗಳು ಬೀಸುವುದಿಲ್ಲ, ಪಕ್ಕದಲ್ಲಿ ಜೋತು ಬಿದ್ದಿರುತ್ತವೆ. ಮೊನ್ನೆ ಹೂವಿನವರು "ಎಷ್ಟು ಮೊಳ ಕೊಡ್ಲಮ್ಮ?" ಅಂತ ಕೇಳಿದರು. ನೀನು ಮಲ್ಲಿಗೆಯನ್ನೇ ನೋಡುತ್ತಾ ನಿಂತೆ. ಅವರು ಇನ್ನೊಬ್ಬರಿಗೆ ಅಳೆದು ಕೊಟ್ಟು, ಚಿಲ್ಲರೆ ಎಣಿಸಿ ತಿರುಗಿದ ಮೇಲೆ ನಿನ್ನ ಬಾಯಿಂದ "ಎರಡು" ಬಂತು. ಅದೂ ನನಗೆ ಮಾತ್ರ ಕೇಳುವಷ್ಟು. ಚೌಕಾಸಿ ಮಾಡದೆ ಒಂದು ಮೊಳ ಹೂವು ತಂದವಳಲ್ಲ ನೀನು.

ಯೋಚನೆಯೂ ಹಾಗೇ ಆಗಿದೆ ಅಲ್ವಾ? ಎರಡು ಸಾಲಿನ ಮೇಲ್ ಬರೆಯೋಕೆ ಮಧ್ಯಾಹ್ನವೆಲ್ಲಾ ಬೇಕು. ಯಾವ ಚೂಡಿದಾರ್ ಹಾಕಿಕೊಳ್ಳಲಿ ಅನ್ನೋದೂ ತೀರ್ಮಾನವಾಗಲ್ಲ. ಆರ್‌ಸಿಬಿ ಮ್ಯಾಚ್ ಹಾಕಿದರೆ ಸ್ಕೋರ್ ಎಷ್ಟು ಅಂತಲೂ ಕೇಳಲ್ಲ.

ಖಿನ್ನತೆ ಅಂದರೆ ಅಳು, ಬೇಜಾರು ಅಂತಲೇ ನಮ್ಮ ಜನ ತಿಳಿದಿರೋದು. ನೀನು ಅಳುತ್ತಿಲ್ಲ. ಅದಕ್ಕೇ ಇದು ಕಾಯಿಲೆ ಇರಬಹುದು ಅಂತ ನಿನಗೂ ಹೊಳೆದಿಲ್ಲ. ಆದರೆ ಖಿನ್ನತೆ ಕೆಲವರಲ್ಲಿ ನಡಿಗೆಯನ್ನು, ಮಾತನ್ನು, ಯೋಚನೆಯನ್ನು ನಿಧಾನ ಮಾಡುತ್ತೆ. ಡಾಕ್ಟರುಗಳು ಬಳಸುವ ಪಿಎಚ್‌ಕ್ಯೂ-9 ಅನ್ನೋ ಪ್ರಶ್ನಾವಳಿಯಲ್ಲಿ 9 ಪ್ರಶ್ನೆಗಳಿವೆ, ಎಲ್ಲವೂ ಹಿಂದಿನ 2 ವಾರಗಳ ಬಗ್ಗೆ. ಎಂಟನೆಯದು ಕೇಳೋದು ಇದನ್ನೇ: ಬೇರೆಯವರ ಗಮನಕ್ಕೆ ಬರುವಷ್ಟು ನಿಧಾನವಾಗಿ ಓಡಾಡುತ್ತಿದ್ದೀರಾ, ಮಾತಾಡುತ್ತಿದ್ದೀರಾ? ಅದಕ್ಕೆ ತದ್ವಿರುದ್ಧವಾಗಿ, ಕೂತಲ್ಲಿ ಕೂರಲಾಗದೆ ಚಡಪಡಿಸುವವರೂ ಇರುತ್ತಾರೆ. ಅದೂ ಅದೇ ಪ್ರಶ್ನೆಯಲ್ಲಿದೆ. ಬೇರೆಯವರ ಗಮನಕ್ಕೆ ಬರುವಷ್ಟು ಅಂತಾರೆ ನೋಡು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಒಳಗೆ ಏನಾಗುತ್ತಿದೆ ಅಂತ ನೀನೇ ಹೇಳಬೇಕು. ಹೊರಗೆ ಕಾಣೋದಕ್ಕೆ ಸಾಕ್ಷಿ ನಾನು. ಡಾಕ್ಟರ ಮುಂದೆ ನಿನಗೆ ಮಾತು ಹೊರಡದಿದ್ದರೆ ಹೂವಿನ ಅಂಗಡಿಯ ವಿಷಯ ನಾನೇ ಹೇಳುತ್ತೇನೆ.

ಮಿದುಳಿನ ಆಳದಲ್ಲಿ ಕೈಕಾಲು ಆಡಿಸುವುದಕ್ಕೂ ಹುಮ್ಮಸ್ಸು ಹುಟ್ಟುವುದಕ್ಕೂ ಬೇಕಾದ ಜಾಗಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಡೋಪಮೈನ್ ಅನ್ನೋ ರಾಸಾಯನಿಕ ಎರಡಕ್ಕೂ ಬೇಕು. ಹಾಗಿರುವಾಗ "ಎದ್ದೇಳು, ಮನಸ್ಸು ಗಟ್ಟಿ ಮಾಡ್ಕೋ" ಅಂತ ಯಾರಾದರೂ ಅಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಈ ಮನೆಯಲ್ಲಿ ಆ ಮಾತು ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಖಿನ್ನತೆಯೇ ಅಂತ ನಾನು ಮನೆಯಲ್ಲೇ ಕೂತು ತೀರ್ಪು ಕೊಡುತ್ತಿಲ್ಲ. ಥೈರಾಯ್ಡ್ ಕಡಿಮೆಯಾದರೂ ಮೈ, ತಲೆ ಎರಡೂ ಮಂದವಾಗುತ್ತವೆ. ರಕ್ತ ಕಡಿಮೆಯಾದರೆ, ಬಿ12 ಕಡಿಮೆಯಾದರೆ ಸುಸ್ತು. ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತೆ. ರಕ್ತ ಕೊಟ್ಟರೆ ಮೊದಲ ಮೂರು ಗೊತ್ತಾಗುತ್ತವೆ.

ಮನಸ್ಸಿನ ಡಾಕ್ಟರನ್ನು ನೋಡೋಕೆ ನಮಗೆ ದೂರವೇನಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಇಲ್ಲಿಂದ ಒಂದು ಆಟೋ. ಅಲ್ಲಿಗೆ ಹೋದರೆ ಜನ ಏನಂತಾರೋ ಅನ್ನೋ ಯೋಚನೆ ನನಗಿಲ್ಲ, ನಿನಗೂ ಬೇಡ. ಮಾತ್ರೆ ಕೊಟ್ಟರೆ ಅದರ ಗುಣ ಕಾಣೋಕೆ ಕೆಲವು ವಾರ ಬೇಕು. ನಡುವೆ ನಾವಾಗಿ ನಿಲ್ಲಿಸಬಾರದು. ಕೌನ್ಸೆಲಿಂಗ್ ಆದರೂ ಸರಿ, ಎರಡೂ ಆದರೂ ಸರಿ.

ಒಂದು ವಿಷಯ ಮುಚ್ಚಿಡದೆ ಬರೆಯುತ್ತೇನೆ. ಚಿಕಿತ್ಸೆ ಶುರುವಾದ ಮೇಲೆ ಕೆಲವರಿಗೆ ಮನಸ್ಸು ಹಗುರಾಗುವ ಮೊದಲೇ ಕೈಕಾಲಿಗೆ ಚುರುಕು ಬರುತ್ತಂತೆ. ಆಗ ಜಾಸ್ತಿ ಎಚ್ಚರ ಬೇಕು ಅಂತ ಡಾಕ್ಟರುಗಳು ಹೇಳುತ್ತಾರೆ. ಬದುಕೋದೇ ಬೇಡ ಅನ್ನೋ ಯೋಚನೆ ಈಗ ಬರುತ್ತಿದ್ದರೂ ಸರಿ, ಆಮೇಲೆ ಬಂದರೂ ಸರಿ, ರಾತ್ರಿ ಎಷ್ಟೊತ್ತಾಗಿದ್ದರೂ ನನ್ನನ್ನು ಎಬ್ಬಿಸು. ಏನೂ ವಿವರಿಸಬೇಕಿಲ್ಲ. ನನ್ನ ಹತ್ತಿರ ಹೇಳೋಕಾಗದಿದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಬೆಳಗಿನ ಹೊತ್ತು ನಿನಗೆ ಜಾಸ್ತಿ ಕಷ್ಟ ಅನ್ನೋದು ನೋಡಿದ್ದೇನೆ. ರಕ್ತ ಪರೀಕ್ಷೆಗೆ ಮನೆಗೇ ಬಂದು ಹೋಗುವವರಿದ್ದಾರೆ, ಗೊತ್ತು ಮಾಡುತ್ತೇನೆ. ಡಾಕ್ಟರ ಹತ್ತಿರ ಎಲ್ಲಿಗೆ, ಯಾವತ್ತು ಅನ್ನೋ ತಲೆನೋವೆಲ್ಲಾ ನನಗಿರಲಿ. ನಿನಗೆ ಒಪ್ಪಿಗೆ ಇದ್ದರೆ ಈ ಕಾಗದದ ಹಿಂದೆ "ಸರಿ" ಅಂತ ಬರೆದು ಫ್ರಿಜ್ ಮೇಲಿಡು.

ನಿನ್ನ ಅಪ್ಪ