ಓಹಿಯೋದ ಲೈಬ್ರರಿಯಿಂದ ಅಪ್ಪನಿಗೆ

ಓಹಿಯೋ
ನವೆಂಬರ್ 2025

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು. ಪುಟ್ಟಿಗೆ ಮುದ್ದು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ. ಸಂಜೆ ಐದು ದಾಟಿದರೆ ಕತ್ತಲು. ಅಮ್ಮ, ನೀನು ಕಟ್ಟಿಕೊಟ್ಟ ಚಟ್ನಿಪುಡಿ ಇನ್ನೂ ಇದೆ, ಚಿಂತೆ ಬೇಡ.

ಅಪ್ಪ, ಹೋದ ವಾರ ಫೋನಿನಲ್ಲಿ ನೀವು ಒಂದು ಮಾತು ಕೇಳಿದಿರಿ. "ಸಾಲ ಮಾಡಿ ಎಂ.ಎಸ್. ಓದೋಕೆ ಕಳಿಸಿದ್ದು. ಅಲ್ಲಿ ಹೋಗಿ ಪುಸ್ತಕ ಜೋಡಿಸೋ ಕೆಲಸ ಯಾಕಮ್ಮ?" ಪಕ್ಕದಲ್ಲಿ ಅಮ್ಮ "ಬಿಡಿ, ಅವಳಿಗೆ ಗೊತ್ತಿರುತ್ತೆ" ಅಂದದ್ದೂ ಕೇಳಿಸಿತು. ನನಗೆ ಕ್ಲಾಸಿಗೆ ಹೊತ್ತಾಗಿತ್ತು, ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ನಿಮ್ಮ ದನಿಯಲ್ಲಿ ಬೇಸರ ಇತ್ತು. ವಾಟ್ಸಾಪಿನಲ್ಲಿ ನಾಲ್ಕು ಸಾಲು ಬರೆದರೆ ಸಾಲದು ಅನ್ನಿಸಿ ಪತ್ರವನ್ನೇ ಬರೆಯುತ್ತಿದ್ದೇನೆ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಮ್ಮಂಥ ವೀಸಾದವರು ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ. ಅದೂ ಕ್ಯಾಂಪಸ್ಸಿನ ಒಳಗೇ. ಹೊರಗೆ ಹೋಟೆಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಕದ್ದು ದುಡಿದರೆ ವೀಸಾಕ್ಕೇ ಕುತ್ತು. ಓಹಿಯೋದಲ್ಲಿ ಈ ವರ್ಷ ಕನಿಷ್ಠ ಕೂಲಿ ಗಂಟೆಗೆ 10 ಡಾಲರ್ 70 ಸೆಂಟ್. ನಮಗೂ ಅಷ್ಟೇ. ದಿನಸಿ, ಫೋನು, ಬಾಡಿಗೆಯ ಒಂದು ಪಾಲು ಇದರಲ್ಲಿ ಕಳೆಯುತ್ತದೆ. ನಿಮ್ಮಿಂದ ಮತ್ತೆ ದುಡ್ಡು ತರಿಸಬಾರದು ಅಂತ ಸೇರಿದ್ದು ನಿಜ. ಆದರೆ ಈಗ ಯಾರಾದರೂ ಇದಕ್ಕಿಂತ ಜಾಸ್ತಿ ಕೊಡುತ್ತೇನೆ ಅಂದರೂ ಈ ಕೆಲಸ ಬಿಡಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಹೇಳಬೇಕು.

ನಮ್ಮದು ಸಣ್ಣ ವಿಶ್ವವಿದ್ಯಾಲಯ. ಲೈಬ್ರರಿ ಮೂರು ಮಹಡಿ. ಪೂರ್ತಿ ಸಂಬಳದ ಮೇಲಿರುವವರು ಹತ್ತು ಹನ್ನೆರಡು ಜನ ಇರಬಹುದು. ಅವರಲ್ಲೂ ಎರಡು ಬಗೆ. ಲೈಬ್ರರಿ ವಿಜ್ಞಾನದಲ್ಲಿ ಮಾಸ್ಟರ್ಸ್ ಮಾಡಿದವರು ಲೈಬ್ರರಿಯನ್ನರು. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಬೇರೆ ಊರಿನಿಂದ ತರಿಸುವುದು, ಹರಿದದ್ದನ್ನು ಅಂಟಿಸುವುದು ಮಾಡುವವರು ಸ್ಟಾಫ್. ಇವರಿಬ್ಬರ ಜೊತೆಗೆ ನಾವು, ಓದುವ ಹುಡುಗ ಹುಡುಗಿಯರು. ನಾವೇ ಜಾಸ್ತಿ. ಸಂಜೆ ಐದಕ್ಕೆ ದೊಡ್ಡವರು ಮನೆಗೆ ಹೋದ ಮೇಲೆ ರಾತ್ರಿ ಹನ್ನೆರಡರವರೆಗೆ ಲೈಬ್ರರಿ ನಮ್ಮ ಕೈಯಲ್ಲಿ. ಒಂದು ಪಾಳಿಗೆ ಇಬ್ಬರು. ಮುಚ್ಚುವ ಮೊದಲು ಮೇಲಿನ ಮಹಡಿಯಿಂದ ಇಳಿಯುತ್ತಾ ಒಂದೊಂದು ಕೋಣೆಯನ್ನೂ ನೋಡಿ, ಹೆಡ್‌ಫೋನ್ ಹಾಕಿಕೊಂಡು ಕುಳಿತವರನ್ನು ತಟ್ಟಿ ಎಬ್ಬಿಸಿ, ದೀಪ ಆರಿಸಿ, ಬಾಗಿಲು ಹಾಕಿ, ಕೀಲಿಯನ್ನು ಅದರ ಪೆಟ್ಟಿಗೆಯಲ್ಲಿಟ್ಟು ಹೊರಡುತ್ತೇವೆ. ಹತ್ತೊಂಬತ್ತು ವರ್ಷದ ಹುಡುಗರನ್ನು ನಂಬಿ ಇಡೀ ಕಟ್ಟಡ ಬಿಟ್ಟು ಹೋಗುತ್ತಾರೆ. ಆ ನಂಬಿಕೆ ಸುಮ್ನೆ ಬಂದದ್ದಲ್ಲ ಅಪ್ಪ. ಅದನ್ನು ಒಬ್ಬರು ಕೂತು ಕಲಿಸಿದ್ದಾರೆ.

ಅವರು ನಮ್ಮ ಸೂಪರ್‌ವೈಸರ್. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ, ಆದರೆ ನಿಮಗೆ ಬರೆಯುವಾಗ ಮೇಡಂ ಅಂತಲೇ ಬರೆಯುತ್ತೇನೆ. ಇದೇ ಊರಿನವರು. ಇದೇ ಡೆಸ್ಕಿನಲ್ಲಿ ವಿದ್ಯಾರ್ಥಿಯಾಗಿ ಕೆಲಸಕ್ಕೆ ಸೇರಿದವರು, ಇಲ್ಲೇ ಉಳಿದರು. ಲೈಬ್ರರಿಯನ್ ಅನ್ನುವ ಡಿಗ್ರಿ ಅವರಿಗಿಲ್ಲ, ಹಾಗಾಗಿ ಆ ಹುದ್ದೆಯ ಹೆಸರೂ ಇಲ್ಲ, ಸಂಬಳವೂ ಇಲ್ಲ. ಆದರೆ ಯಾವ ಹುಡುಗನನ್ನು ಕೇಳಿದರೂ ಲೈಬ್ರರಿ ಅಂದರೆ ಅವರೇ.

ಅವರ ಕೆಲಸ ನೋಡಬೇಕು. ಪ್ರತಿ ಮೇ ತಿಂಗಳಲ್ಲಿ ಚೆನ್ನಾಗಿ ಕಲಿತ ಹುಡುಗರು ಪಾಸಾಗಿ ಹೋಗಿಬಿಡುತ್ತಾರೆ. ಆಗಸ್ಟಿನಲ್ಲಿ ಏನೂ ಗೊತ್ತಿಲ್ಲದ ಹೊಸಬರು ಬರುತ್ತಾರೆ. ಮತ್ತೆ ಮೊದಲಿನಿಂದ. ಒಬ್ಬನಿಗೆ ಫುಟ್‌ಬಾಲ್ ಪ್ರಾಕ್ಟೀಸು, ಒಬ್ಬಳಿಗೆ ಲ್ಯಾಬು, ಇನ್ನೊಬ್ಬಳು ಭಾನುವಾರ ಬೆಳಗ್ಗೆ ಚರ್ಚಿಗೆ ಹೋಗಲೇಬೇಕು. ಇದೆಲ್ಲ ಸೇರಿಸಿ ಪಾಳಿಯ ಪಟ್ಟಿ ಮಾಡುತ್ತಾರೆ. ನಾನು ಸೇರಿದಾಗ ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಇಲ್ಲಿ ದುಡಿಯುವವರಿಗೆ ಸರ್ಕಾರ ಕೊಡುವ ಸಂಖ್ಯೆ, ಮಾಡಿಸಬೇಕಿತ್ತು. ಅದಿಲ್ಲದೆ ಸಂಬಳದ ಲೆಕ್ಕ ಸರಿಯಾಗಿ ನಡೆಯುವುದಿಲ್ಲ. ಅದಕ್ಕೆ ಕೆಲಸ ಕೊಟ್ಟವರ ಪತ್ರ ಬೇಕು. ಬೇರೆ ಕಡೆ ಸೇರಿದ ಗೆಳತಿಯರು ಆ ಪತ್ರಕ್ಕೆ ವಾರಗಟ್ಟಲೆ ಅಲೆದರು. ಮೇಡಂ ಆ ಮಧ್ಯಾಹ್ನವೇ ಬರೆದುಕೊಟ್ಟು, ಜೊತೆಗೆ ಯಾವ್ಯಾವ ಕಾಗದ ತೆಗೆದುಕೊಂಡು ಹೋಗಬೇಕು ಅಂತ ಚೀಟಿಯನ್ನೂ ಕೊಟ್ಟರು.

ಸೆಪ್ಟೆಂಬರಿನಲ್ಲಿ ನಮ್ಮ ಜೊತೆಯ ಒಬ್ಬ ಹುಡುಗ ಪಾಳಿಗೆ ಬರುವುದನ್ನೇ ನಿಲ್ಲಿಸಿಬಿಟ್ಟ. ಬೇರೆ ಯಾರಾದರೂ ಆಗಿದ್ದರೆ ಹೆಸರು ಹೊಡೆದುಹಾಕುತ್ತಿದ್ದರು. ಮೇಡಂ ಫೋನ್ ಮಾಡಿ ಕರೆಸಿಕೊಂಡರು. ಅವನ ತಾಯಿಗೆ ಹುಷಾರಿರಲಿಲ್ಲ, ಫೀಸು ಬಾಕಿ ಇತ್ತು, ಕಾಲೇಜು ಬಿಡುವ ಯೋಚನೆಯಲ್ಲಿದ್ದ. ಡೆಸ್ಕನ್ನು ನನಗೆ ಒಪ್ಪಿಸಿ, ಕೋಟು ಹಾಕಿಕೊಂಡು, ಅವನ ಜೊತೆಯಲ್ಲೇ ಫೀಸಿನ ಆಫೀಸಿಗೆ ನಡೆದುಕೊಂಡು ಹೋದರು. ಈಗ ಅವನು ಬುಧವಾರ ರಾತ್ರಿ ನನ್ನ ಜೊತೆ ಬಾಗಿಲು ಹಾಕುತ್ತಾನೆ. ಇದು ಅವರ ಹುದ್ದೆಯ ಯಾವ ಕಾಗದದಲ್ಲೂ ಬರೆದಿರಲಾರದು.

ಇನ್ನು ಪುಸ್ತಕ ಜೋಡಿಸುವುದು. ಇದಕ್ಕೇ ಅಲ್ವಾ ನಿಮಗೆ ಬೇಸರ? ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ಪುಸ್ತಕದ ಬೆನ್ನ ಮೇಲೆ ಒಂದು ಚೀಟಿ ಇರುತ್ತದೆ. ಮೊದಲು ಅಕ್ಷರ, ಗಣಿತಕ್ಕೆ ಕ್ಯೂಎ. ಆಮೇಲೆ ಒಂದು ಸಂಖ್ಯೆ, ಅದನ್ನು ಪೂರ್ಣ ಸಂಖ್ಯೆಯಾಗಿ ಓದಬೇಕು. 76 ಮೊದಲು, 276 ಆಮೇಲೆ. ಅದರ ಕೆಳಗೆ ಚುಕ್ಕಿ ಇಟ್ಟು ಮತ್ತೊಂದು ಅಕ್ಷರ, ಮತ್ತೊಂದು ಸಂಖ್ಯೆ. ಇಲ್ಲಿ ಲೆಕ್ಕ ಬದಲಾಗುತ್ತದೆ, ಇದನ್ನು ದಶಮಾಂಶವಾಗಿ ಓದಬೇಕು. ಸಿ125 ಮೊದಲು ಬರುತ್ತದೆ, ಸಿ13 ಆಮೇಲೆ. ಒಂದೇ ಚೀಟಿಯಲ್ಲಿ ಎರಡು ಲೆಕ್ಕ. ಹೊಸಬರಿಗೆ ಮೇಡಂ ಮೊದಲ ದಿನ ಕಪಾಟಿನ ಪುಸ್ತಕವನ್ನು ಮುಟ್ಟಿಸುವುದಿಲ್ಲ. ಒಂದು ಗಾಡಿ ತುಂಬ ಬೇಕೆಂದೇ ಕಲಸಿದ ಪುಸ್ತಕ ಇಟ್ಟಿರುತ್ತಾರೆ, ಅದನ್ನು ಸರಿ ಮಾಡಿ ತೋರಿಸಿದ ಮೇಲೆಯೇ ಕಪಾಟಿನ ಹತ್ತಿರ ಬಿಡುವುದು. ಯಾಕೆಂದರೆ ಎರಡು ಅಡಿ ಪಕ್ಕದಲ್ಲಿಟ್ಟ ಪುಸ್ತಕ ಕಳೆದುಹೋದ ಹಾಗೆಯೇ. ಕಂಪ್ಯೂಟರು ಇದೆ ಅನ್ನುತ್ತದೆ, ಕಪಾಟು ಇಲ್ಲ ಅನ್ನುತ್ತದೆ, ಕೇಳಿ ಬಂದವರು ಬರಿಗೈಲಿ ಹೋಗುತ್ತಾರೆ. ಅದಕ್ಕೇ ಪ್ರತಿ ಪಾಳಿಯಲ್ಲೂ ಸ್ವಲ್ಪ ಹೊತ್ತು ಒಂದೊಂದು ಕಪಾಟನ್ನು ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತೇವೆ, ಚೀಟಿಯ ಮೇಲೆ ಬೆರಳಿಟ್ಟು. ತಪ್ಪು ಜಾಗದ ಪುಸ್ತಕ ಸಿಕ್ಕಿದಾಗ ಆಗುವ ಖುಷಿ ಹೇಳತೀರದು.

ನಾನು ಕರ್ನಾಟಕದವಳು ಅಂತ ತಿಳಿದಾಗ ಇಲ್ಲಿನ ಹಿರಿಯ ಲೈಬ್ರರಿಯನ್ ಒಬ್ಬರು ಮೊದಲು ಕೇಳಿದ್ದು ನಮ್ಮ ದೇಶದ ಲೈಬ್ರರಿ ವಿಜ್ಞಾನಿ ಎಸ್.ಆರ್. ರಂಗನಾಥನ್ ಬಗ್ಗೆ. ಅವರು 1931ರಲ್ಲಿ ಬರೆದ ಐದು ಸೂತ್ರಗಳನ್ನು ಇಲ್ಲಿ ಲೈಬ್ರರಿ ಓದುವವರೆಲ್ಲ ಕಲಿಯುತ್ತಾರೆ. ಓದುಗರ ಸಮಯ ಉಳಿಸು ಅನ್ನುವುದು ನಾಲ್ಕನೆಯದು. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ, 1962ರಲ್ಲಿ ಅಲ್ಲಿ ಲೈಬ್ರರಿ ವಿಜ್ಞಾನದ ಸಂಸ್ಥೆಯನ್ನೂ ಕಟ್ಟಿದರು ಅಂದೆ. ಆ ಲೈಬ್ರರಿಯನ್ನರಿಗೆ ಬಹಳ ಸಂತೋಷವಾಯಿತು.

ರಾತ್ರಿ ಹೊತ್ತು ಡೆಸ್ಕಿಗೆ ಯಾರು ಬರುತ್ತಾರೆ ಗೊತ್ತಾ ಅಮ್ಮ? ಪಠ್ಯಪುಸ್ತಕ ಕೊಳ್ಳಲಾಗದವರು. ಇಲ್ಲಿ ಒಂದೊಂದು ಪುಸ್ತಕ ನೂರೈವತ್ತು, ಇನ್ನೂರು ಡಾಲರ್ ಇರುತ್ತದೆ. ಅದರ ಒಂದು ಪ್ರತಿಯನ್ನು ಡೆಸ್ಕಿನ ಹಿಂದೆ ಇಟ್ಟಿರುತ್ತೇವೆ. ಎರಡು ಗಂಟೆ ಕೊಡುತ್ತೇವೆ, ಇಲ್ಲೇ ಕುಳಿತು ಓದಿ ವಾಪಸ್ ಕೊಡಬೇಕು. ನರ್ಸಿಂಗ್ ಓದುವ ಒಬ್ಬರು ಬರುತ್ತಾರೆ, ಎರಡು ಮಕ್ಕಳ ತಾಯಿ. ಮಕ್ಕಳನ್ನು ಮಲಗಿಸಿ ಒಂಬತ್ತಕ್ಕೆ ಬಂದು ಅದೇ ದಪ್ಪ ಪುಸ್ತಕ ಕೇಳುತ್ತಾರೆ. ಬರುವುದು ಕಂಡರೆ ಸಾಕು, ನಾವು ತೆಗೆದಿಟ್ಟಿರುತ್ತೇವೆ. ನನ್ನ ಜೊತೆ ಕೆಲಸ ಮಾಡುವ ಇಲ್ಲಿನ ಹುಡುಗರಲ್ಲೂ ಬಹಳ ಜನ ಮನೆಯಲ್ಲಿ ಮೊದಲ ಬಾರಿ ಕಾಲೇಜು ಕಂಡವರು. ದುಡ್ಡಿನ ಅನುಕೂಲ ಕಮ್ಮಿ ಇರುವ ಇಲ್ಲಿನ ವಿದ್ಯಾರ್ಥಿಗಳಿಗೆ ಅಂತ 1964ರಿಂದ ಸರ್ಕಾರದ ಒಂದು ಯೋಜನೆ ಇದೆ, ಅವರ ಸಂಬಳದ ದೊಡ್ಡ ಪಾಲನ್ನು ಸರ್ಕಾರವೇ ಕೊಡುತ್ತದೆ. ನಮಗೆ ಹೊರದೇಶದವರಿಗೆ ಅದು ಸಿಗುವುದಿಲ್ಲ, ನಮ್ಮ ಸಂಬಳ ಪೂರ್ತಿ ಲೈಬ್ರರಿಯ ಲೆಕ್ಕದಿಂದ. ಹೀಗಿದ್ದೂ ಮೇಡಂ ನನ್ನನ್ನು ತೆಗೆದುಕೊಂಡರು.

ಒಂದು ವಿಷಯ ಮಾತ್ರ ನನಗೆ ಸರಿ ಕಾಣುವುದಿಲ್ಲ. ಸ್ಟಾಫಿನಲ್ಲಿ ಯಾರಾದರೂ ನಿವೃತ್ತರಾದರೆ ಆ ಜಾಗ ಖಾಲಿ ಬಿಡುತ್ತಾರೆ. ಅವರ ಗಂಟೆಗಳನ್ನು ನಮಗೆ ಹಂಚುತ್ತಾರೆ. ಹುಡುಗರು ಅಗ್ಗ. ಡೆಸ್ಕಿನಲ್ಲಿ ಯಾರೋ ಒಬ್ಬರು ಕುಳಿತಿರುವುದು ಕಾಣುತ್ತದೆ, ಹಾಗಾಗಿ ಏನೂ ಕಮ್ಮಿಯಾದ ಹಾಗೆ ಅನಿಸುವುದಿಲ್ಲ. ಆದರೆ ನಾವು ಎರಡು ವರ್ಷ, ನಾಲ್ಕು ವರ್ಷ ಇದ್ದು ಹೋಗುವವರು. ಯಾವ ಮೇಷ್ಟ್ರು ಯಾವ ತಿಂಗಳು ಯಾವ ಪುಸ್ತಕ ಕೇಳುತ್ತಾರೆ, ಯಾವ ಹುಡುಗಿ ಮೂರು ದಿನದಿಂದ ಬಂದಿಲ್ಲ, ಇದೆಲ್ಲ ಉಳಿಯುವುದು ಮೇಡಂ ಥರದವರ ತಲೆಯಲ್ಲಿ. ಅಂಥವರನ್ನು ಕಮ್ಮಿ ಮಾಡಿ ನಮ್ಮನ್ನು ಜಾಸ್ತಿ ಮಾಡಿದರೆ ನಮಗೆ ಕಲಿಸುವವರು ಯಾರು? ಒಂದು ಮೀಟಿಂಗಿನಲ್ಲಿ ಹುಡುಗರ ಅಭಿಪ್ರಾಯ ಕೇಳಿದಾಗ ಇದನ್ನೇ ಎದ್ದು ನಿಂತು ಹೇಳಿದೆ.

ಈಗ ನಿಮಗೆ ಹೇಳಲೇಬೇಕಾದ ಇನ್ನೊಂದು ಸಂಗತಿ. ಓಹಿಯೋದ ಕಾಲೇಜು ಲೈಬ್ರರಿಗಳೆಲ್ಲ ಒಂದು ಬಳಗ ಮಾಡಿಕೊಂಡಿವೆ, ಹೆಸರು ಓಹಿಯೋಲಿಂಕ್. ನಮ್ಮಲ್ಲಿಲ್ಲದ ಪುಸ್ತಕ ಇನ್ನೊಂದು ಕಡೆಯಿಂದ ಕೆಲವೇ ದಿನಗಳಲ್ಲಿ ಬರುತ್ತದೆ. ಅಲ್ಲೂ ಇಲ್ಲದಿದ್ದರೆ ಬೇರೆ ರಾಜ್ಯದಿಂದ ತರಿಸುತ್ತಾರೆ. ಈ ಥರ ಒಂದೇ ಕಂಪ್ಯೂಟರ್ ಪಟ್ಟಿಯಲ್ಲಿ ಹಲವು ಲೈಬ್ರರಿಗಳ ಪುಸ್ತಕ ಸೇರಿಸುವ ಕೆಲಸ ಶುರುವಾದದ್ದೇ ಈ ರಾಜ್ಯದಲ್ಲಿ, 1971ರಲ್ಲಿ, ಅಥೆನ್ಸ್ ಅನ್ನುವ ಊರಿನ ಓಹಿಯೋ ವಿಶ್ವವಿದ್ಯಾಲಯದಲ್ಲಿ. ನಾನು ಒಂದು ಹಳೇ ಕನ್ನಡ ಕಾದಂಬರಿ ಕೇಳಿ ನೋಡಿದೆ. ಸಿಗುತ್ತದೆ ಅಂತ ನಂಬಿಕೆ ಇರಲಿಲ್ಲ. ದೊಡ್ಡ ವಿಶ್ವವಿದ್ಯಾಲಯವೊಂದರಿಂದ ಬಂತು! ಗಟ್ಟಿ ರಟ್ಟು, ಬೆನ್ನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೆಸರು. ಹೊರಗಿನಿಂದ ಪುಸ್ತಕ ತರಿಸುವ ವಿಭಾಗದ ಸ್ಟಾಫ್ ನನ್ನನ್ನು ಕರೆದು, "ನನಗೆ ಓದಲು ಬರುವುದಿಲ್ಲ, ಇದು ನೀನು ಕೇಳಿದ್ದೇನಾ ನೋಡು" ಅಂದರು. ಒಳಗೆ ಮೈಸೂರಿನಲ್ಲಿ ಅಚ್ಚಾದದ್ದು ಅಂತ ಇತ್ತು. ಅಲ್ಲೇ ನಿಂತು ಮೊದಲ ಪುಟವನ್ನು ಅವರಿಗೆ ಗಟ್ಟಿಯಾಗಿ ಓದಿ ತೋರಿಸಿದೆ.

ಇದು ಇಲ್ಲಿಗೆ ಹೇಗೆ ಬಂತು ಅಂತ ಅವರೇ ಹೇಳಿದರು. ಪಿ.ಎಲ್. 480 ನಿಮಗೆ ನೆನಪಿದೆಯಲ್ಲ, ಅಮೆರಿಕದ ಗೋಧಿ? 1954ರ ಕಾನೂನು. ಆ ಗೋಧಿಗೆ ಭಾರತ ರೂಪಾಯಿಯಲ್ಲೇ ದುಡ್ಡು ಕಟ್ಟುತ್ತಿತ್ತು. ಆ ರೂಪಾಯಿಯ ಒಂದು ಭಾಗದಲ್ಲಿ 1962ರಿಂದ ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿಯವರು ನಮ್ಮ ಭಾಷೆಗಳ ಪುಸ್ತಕ ಕೊಂಡು ಇಲ್ಲಿನ ದೊಡ್ಡ ಲೈಬ್ರರಿಗಳಿಗೆ ಕಳಿಸಿದರು. ನೀವು ಸ್ಕೂಲಿನಲ್ಲಿ ತಿಂದ ಹಳದಿ ಉಪ್ಪಿಟ್ಟಿನ ಕತೆ ಎಷ್ಟು ಸಲ ಹೇಳಿದ್ದೀರಿ! ಅದೂ ಇದೇ ಕಾನೂನಿನ ಕೆಳಗೆ ದಾನವಾಗಿ ಬಂದದ್ದು. ಗೋಧಿ ಈ ಕಡೆಯಿಂದ ಆ ಕಡೆ ಹೋಯಿತು, ಕಾದಂಬರಿ ಆ ಕಡೆಯಿಂದ ಈ ಕಡೆ ಬಂತು. ಅಷ್ಟು ವರ್ಷ ಅದನ್ನು ಒಂದು ಅಕ್ಷರವೂ ಓದಲು ಬಾರದ ಎಷ್ಟೋ ಜನ ಸರಿಯಾದ ಜಾಗದಲ್ಲಿ ಜೋಡಿಸಿ ಜೋಡಿಸಿ ಇಟ್ಟಿದ್ದರು. ಅವರಲ್ಲಿ ನನ್ನಂಥ ಗಂಟೆ ಲೆಕ್ಕದ ಹುಡುಗರೂ ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬರು ಅಸಡ್ಡೆ ಮಾಡಿ ಬೇರೆ ಕಡೆ ಸಿಕ್ಕಿಸಿದ್ದರೂ ಅದು ನನ್ನ ಕೈಗೆ ಬರುತ್ತಿರಲಿಲ್ಲ ಅಪ್ಪ.

ಓದಿಗೆ ತೊಂದರೆ ಆಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪರೀಕ್ಷೆ ಡಿಸೆಂಬರ್ ಎರಡನೇ ವಾರ. ಆ ವಾರ ಲೈಬ್ರರಿ ರಾತ್ರಿಯಿಡೀ ತೆರೆದಿರುತ್ತದೆ. ಪರೀಕ್ಷೆ ಇದ್ದವರಿಗೆ ಮೇಡಂ ಪಾಳಿ ಕಮ್ಮಿ ಮಾಡಿ, ಅವರೇ ಬಂದು ಕೂರುತ್ತಾರೆ.

ನನ್ನದೊಂದು ಕೋರಿಕೆ. ಪುಟ್ಟಿಯನ್ನು ಭಾನುವಾರ ನಮ್ಮ ತಿಪಟೂರಿನ ಲೈಬ್ರರಿಗೆ ಕರೆದುಕೊಂಡು ಹೋಗಿ, ನನ್ನನ್ನು ಕರೆದುಕೊಂಡು ಹೋಗುತ್ತಿದ್ದ ಹಾಗೆ. ಮನೆ ಕಂದಾಯದ ರಸೀತಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ, ನೂರಕ್ಕೆ ಆರು. ನೀವು ಕಟ್ಟಿದ ದುಡ್ಡು ಅದು. ಅಲ್ಲಿ ಕುಳಿತಿರುವವರನ್ನು ಹೆಸರು ಕೇಳಿ ಮಾತಾಡಿಸಿ.

ಮತ್ತೆ, ಮಂಡಿಯಲ್ಲಿ ಕೊಬ್ಬರಿ ವ್ಯಾಪಾರದವರು ಮಗಳು ಏನು ಮಾಡುತ್ತಿದ್ದಾಳೆ ಅಂತ ಕೇಳಿದರೆ ಎಂ.ಎಸ್. ಓದುತ್ತಾಳೆ, ಲೈಬ್ರರಿಯಲ್ಲಿ ಕೆಲಸವನ್ನೂ ಮಾಡುತ್ತಾಳೆ ಅಂತ ಎರಡನ್ನೂ ಹೇಳಿ. ಎರಡನೆಯದನ್ನು ನುಂಗಿಕೊಳ್ಳಬೇಡಿ.

ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಟ್ಟಿದ್ದಾರೆ, ಈಗ ನಮಗೂ ನಿಮಗೂ ಹತ್ತೂವರೆ ಗಂಟೆ ವ್ಯತ್ಯಾಸ. ಭಾನುವಾರ ನಿಮಗೆ ರಾತ್ರಿ ಎಂಟಾದಾಗ ಫೋನ್ ಮಾಡುತ್ತೇನೆ. ಅಜ್ಜಿಯ ಮಂಡಿನೋವು ಹೇಗಿದೆ ಅಂತ ಅವತ್ತು ಹೇಳಿ.

ನಿಮ್ಮ ಮಗಳು