ಅರವತ್ತರ ಫ್ಯೂಜು

ದಾವಣಗೆರೆ
ಭಾನುವಾರ ರಾತ್ರಿ

ಚಿ. ಮಂಜುಗೆ ಮಾವನ ಆಶೀರ್ವಾದ.

ನಿನ್ನ ಪತ್ರ ಶುಕ್ರವಾರವೇ ಬಂತು. ನಿಮ್ಮತ್ತೆ ಎರಡು ಸಲ ಓದಿಸಿಕೊಂಡಳು. ಎಲ್ಲ ಸರಿ, ಕಾರಿನ ಹಾಡಿನ ಸೆಟ್ಟಿನ ಬಗ್ಗೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ: "30 ಆಂಪಿಯರ್ ಫ್ಯೂಜ್ ಪದೇ ಪದೇ ಹೋಗ್ತಿತ್ತು ಮಾವ, 60ರದ್ದು ಹಾಕಿದೆ, ಈಗ ಏನೂ ತೊಂದರೆ ಇಲ್ಲ." ಆ 'ಏನೂ ತೊಂದರೆ ಇಲ್ಲ' ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ.

ಎಂಜಿನ್ ರೇಸ್ ಮಾಡಿದಾಗ ಸ್ಪೀಕರ್‌ನಲ್ಲಿ ಕುಂಯ್ ಅನ್ನುತ್ತೆ ಅಂತ ಕೇಳಿದ್ದೀಯ. ಅದು ದೊಡ್ಡ ರೋಗ ಅಲ್ಲ. ಆಂಪ್ಲಿಫೈಯರ್‌ನ ಅರ್ತ್ ವೈರನ್ನ ಬೋಲ್ಟ್ ಮಾಡಿದ ಕಡೆ ನೋಡು, ಬಣ್ಣದ ಮೇಲೇ ಬಿಗಿದಿರ್ತಾರೆ. ತಗಡು ಬೆಳ್ಳಗೆ ಹೊಳೆಯೋ ತನಕ ಕೆರೆದು ಬಿಗಿ. ಸ್ಟೀರಿಯೋದಿಂದ ಆಂಪ್ಲಿಫೈಯರ್‌ಗೆ ಹಾಡು ತರೋ ಆರ್‌ಸಿಎ ಕೇಬಲ್ಲೂ ಬ್ಯಾಟರಿ ವೈರೂ ಒಂದೇ ಪಕ್ಕ ಜೋಡಿಯಾಗಿ ಬಂದಿದ್ದರೂ ಹಂಗೇ ಕೂಗುತ್ತೆ. ಒಂದನ್ನ ಆ ಪಕ್ಕ ಹಾಕಿಸು. ಕೂಗಿದರೆ ಕೂಗಲಿ ಬಿಡು, ಕೂಗೋದರಿಂದ ಯಾರಿಗೂ ಏನೂ ಆಗಲ್ಲ.

ಫ್ಯೂಜಿನ ವಿಷಯ ಹಂಗಲ್ಲ. ನೀನು ಅದು ಆಂಪ್ಲಿಫೈಯರ್ ಕಾಯೋಕೆ ಇದೆ ಅಂದುಕೊಂಡಿದ್ದೀಯ. ಬ್ಯಾಟರಿ ಹತ್ತಿರದ ಫ್ಯೂಜು ಕಾಯೋದು ವೈರನ್ನ. ಅದಕ್ಕೇ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಅದನ್ನ ಹಾಕೋದು. ಅಲ್ಲಿಂದ ಡಿಕ್ಕಿ ತನಕ ಆ ಕೆಂಪು ವೈರು ಎಲ್ಲೆಲ್ಲಿ ಹಾದು ಬಂದಿದೆ ಅಂತ ಒಂದು ಸಲ ಕೈಯಾಡಿಸಿ ನೋಡಿದ್ದೀಯಾ? ಎಂಜಿನ್ ಹಿಂದಿನ ತಗಡಿನ ತೂತು, ಆಮೇಲೆ ಕಾರ್ಪೆಟ್ ಕೆಳಗೆ, ಆಮೇಲೆ ಪಾಪು ಕೂರೋ ಸೀಟಿನ ಅಡಿ. ಆ ತೂತಿಗೆ ರಬ್ಬರ್ ಬುಷ್ ಇಲ್ಲದಿದ್ದರೆ ತಗಡಿನ ಅಂಚು ದಿನಾ ಇಷ್ಟಿಷ್ಟೇ ವೈರು ತಿನ್ನುತ್ತೆ. 12 ವೋಲ್ಟು ಶಾಕ್ ಹೊಡೆಯಲ್ಲ ಅಂತ ಎಲ್ಲರಿಗೂ ಸದರ. ಶಾಕ್ ಹೊಡೆಯಲ್ಲ, ನಿಜ. ಬೆಂಕಿ ಹಚ್ಚುತ್ತೆ.

ಇದನ್ನ ನಿಮ್ಮಮ್ಮನಿಗೂ ನಾನು ಹೇಳಿಲ್ಲ. ದಾವಣಗೆರೆ ಇನ್ನೂ ನಿಮ್ಮ ಚಿತ್ರದುರ್ಗದ ಜಿಲ್ಲೆಗೇ ಸೇರಿದ್ದ ಕಾಲ, 97ಕ್ಕಿಂತ ಮುಂಚೆ. ಮದುವೆ ದಿಬ್ಬಣದ ಒಂದು ಮೆಟಡಾರ್ ವ್ಯಾನು ನನ್ನ ರಿಪೇರಿ ಅಂಗಡಿ ಮುಂದೆ ನಿಂತಿತು. ಟೇಪಿಗೆ ಹಾಕಿದ್ದ ಫ್ಯೂಜು ಮೂರು ಸಲ ಹೋಗಿತ್ತಂತೆ. ಹುಡುಗರು ಹಾಡು ಬೇಕು ಅಂತ ಗಲಾಟೆ. ನನಗೆ ಊಟದ ಹೊತ್ತು. ವೈರಿನ ಎರಡು ಎಳೆ ಕಿತ್ತು ಫ್ಯೂಜಿಗೆ ಸುತ್ತಿ, "ಹೋಗಿ ಬಾ, ಆಮೇಲೆ ನೋಡೋಣ" ಅಂದೆ. ಹಾಡು ಹತ್ತಿತು. ಡ್ರೈವರ್ ಕೈ ಮುಗಿದ.

ಭರಮಸಾಗರ ದಾಟೋದರೊಳಗೆ ಸೀಟಿನ ಕೆಳಗೆ ಹೊಗೆ. ಎಲ್ಲರೂ ಇಳಿದರು, ದೇವರು ದೊಡ್ಡವನು. ಸುಟ್ಟಿದ್ದು ಸೀಟು, ಮದುವಣಗಿತ್ತಿಯ ಟ್ರಂಕು. ನಾಲ್ಕು ದಿನ ಬಿಟ್ಟು ಡ್ರೈವರ್ ಬಂದ. ಬೈತಾನೆ ಅಂತ ಕಾದೆ. ಕರಗಿ ಬೆಲ್ಲದ ಪಾಕದ ಹಾಗೆ ಒಂದಕ್ಕೊಂದು ಅಂಟಿಕೊಂಡ ಒಂದು ಗೇಣು ವೈರನ್ನ ಟೇಬಲ್ ಮೇಲಿಟ್ಟ, ಹಿಂದಿನ ಬಾಕಿ ಹದಿನೈದು ರೂಪಾಯಿ ಎಣಿಸಿಟ್ಟ, ಹೋದ. ಮತ್ತೆ ಬರಲಿಲ್ಲ. ಬೈದಿದ್ದರೆ ಮರೆತಿರ್ತಿದ್ದೆನೋ ಏನೋ.

ನಿನಗೆ ಬುದ್ಧಿ ಹೇಳೋಕೆ ನಾನು ಯಾರು ಅಂತಲೂ ಅನ್ನಿಸುತ್ತೆ. ಆದರೂ ಕೇಳು. ಹೋದ 30ರ ಗಾಜಿನ ಫ್ಯೂಜು ಇಟ್ಟುಕೊಂಡಿದ್ದರೆ ಬೆಳಕಿಗೆ ಹಿಡಿದು ನೋಡು. ಗಾಜು ಒಳಗೆ ಕಪ್ಪಾಗಿ ಮಸಿ ಹಿಡಿದಿದ್ದರೆ ಎಲ್ಲೋ ನೇರ ಶಾರ್ಟ್ ಇದೆ. ಗಾಜು ತಿಳಿಯಾಗಿದ್ದು ಪಟ್ಟಿ ಮಾತ್ರ ನಡುವೆ ಕರಗಿದ್ದರೆ ಲೋಡು ಜಾಸ್ತಿ. ಎರಡನೇ ವೂಫರ್ ಹಾಕಿಸಿದ ಮೇಲೆ ಶುರುವಾಯ್ತು ಅಂತೀಯ, ನನಗೂ ಅದರ ಮೇಲೇ ಅನುಮಾನ. 4 ಓಮ್‌ನ ಎರಡನ್ನ ಪ್ಯಾರಲಲ್ ಕೊಟ್ಟರೆ 2 ಓಮ್ ಆಗುತ್ತೆ, ಓಮ್ ಕಮ್ಮಿಯಾದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತೆ. ಆಂಪ್ಲಿಫೈಯರ್ ಅಷ್ಟು ತಡೆಯುತ್ತಾ ಅಂತ ಅದರ ಮೈಮೇಲೇ ಬರೆದಿರುತ್ತೆ, ಓದು. ತೊಂದರೆ ಇದೆ ಅಂತ ಆಂಪ್ಲಿಫೈಯರ್ ಮೇಲೆ ಕೆಂಪು ದೀಪ ಹತ್ತಿದ ತಕ್ಷಣ ಹೊಸದು ತಗೊಳ್ಳೋಕೆ ಓಡಬೇಡ. ಸ್ಪೀಕರ್ ವೈರು, ಆರ್‌ಸಿಎ ಎಲ್ಲ ಬಿಚ್ಚಿ ಆನ್ ಮಾಡು. ದೀಪ ಆರಿದರೆ ಆಂಪ್ಲಿಫೈಯರ್ ನೆಟ್ಟಗಿದೆ, ತಪ್ಪು ಹೊರಗಡೆ. ಒಂದೊಂದಾಗಿ ಕೊಡ್ತಾ ಹೋದರೆ ಸಿಕ್ಕಿಬೀಳುತ್ತೆ. ಎಲ್ಲ ಬಿಚ್ಚಿದರೂ ಆರದಿದ್ದರೆ ಮಾತ್ರ ಒಳಗಿನ ಮಾತು.

ಇನ್ನೊಂದು. ಆಂಪ್ಲಿಫೈಯರ್ ಹಾಕೋ ಕಿಟ್ಟಿನ ವೈರು ಮೇಲೆ ತಾಮ್ರ, ಒಳಗೆ ಅಲ್ಯೂಮಿನಿಯಂ ಇರೋದು ಬಹಳ. ಒಂದು ಎಳೆ ಬ್ಲೇಡಿನಿಂದ ಕೆರೆ, ಒಳಗೆ ಬೆಳ್ಳಗಾದರೆ ಗೊತ್ತಾಯ್ತು. ಅಂಥ ಸಣ್ಣ ವೈರಿಗೆ 60 ಹಾಕಿದರೆ, ಮಂಜು, ಫ್ಯೂಜಿಗಿಂತ ಮೊದಲು ವೈರೇ ಹೋಗೋದು.

ನಿನಗೆ ನಗು ಬರಬಹುದು. ಕವರಿನೊಳಗೆ ಹತ್ತಿ ಸುತ್ತಿ 30ರ ಎರಡು ಫ್ಯೂಜು ಇಟ್ಟಿದ್ದೀನಿ. ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚು, ಆಮೇಲೆ ಆ 60 ತೆಗಿ. 30 ಮತ್ತೆ ಹೋದರೆ ಹಾಡಿಲ್ಲದೇ ಓಡಿಸು, ಭಾನುವಾರ ಇಲ್ಲಿಗೆ ಬಂದುಬಿಡು, ಮೀಟರ್ ಇನ್ನೂ ಕೆಲಸ ಮಾಡುತ್ತೆ. ಆ ಒಂದು ಗೇಣು ವೈರೂ ಮೀಟರ್ ಇಟ್ಟ ಡಬ್ಬಿಯಲ್ಲೇ ಇದೆ, ತೋರಿಸ್ತೀನಿ. ಫ್ಯೂಜು ತೆಗೆದ ಮೇಲೆ ಫೋನ್ ಮಾಡು, ರಾತ್ರಿ ಎಷ್ಟೊತ್ತಾದರೂ ಪರವಾಗಿಲ್ಲ.

ನಿನ್ನ ಮಾವ